ಬಾಯಿ ಮುಚ್ಚದ ರಾಣಿ

ಅಬ್ಬಿಗೆರೆಯ ಅಶ್ವತ್ಥಪ್ಪನವರು ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದನ್ನು ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅಪ್ಪನ ಕಾಲದ ರಾಗಿ ಹೊಲದ ಮೇಲೆ ಮನೆ ಎಬ್ಬಿಸಿ, ಕೆಳಗೆ ತಾವಿದ್ದು, ಮೇಲಿನದನ್ನು ಬಾಡಿಗೆಗೆ ಬಿಟ್ಟು, ಬೆಳಿಗ್ಗೆ ಕೆರೆ ಸುತ್ತ ವಾಕಿಂಗು, ಸಂಜೆ ಅರಳಿಕಟ್ಟೆಯಲ್ಲಿ ಹರಟೆ ಎಂದು ನೆಮ್ಮದಿಯಾಗಿದ್ದ ಮನುಷ್ಯ. ಅವರಲ್ಲಿದ್ದ ದೋಷ ಒಂದೇ. ಬೇರೆಯವರ ಜೇಬಿನಲ್ಲಿ ಏನಾದರೂ ಕಂಡರೆ ತಮ್ಮ ಜೇಬು ಖಾಲಿ ಅನ್ನಿಸಿಬಿಡುತ್ತಿತ್ತು.

ಈ ಸಲ ಕಂಡದ್ದು ತಣಿಸಂದ್ರದ ರಾಮಕೃಷ್ಣಪ್ಪನವರ ಜೇಬಿನಲ್ಲಿ. ರಾಮಕೃಷ್ಣಪ್ಪ ಬಿಲ್ಡರು. ತಮ್ಮ ಮಗ ಶಿವರಾಮನಿಗೆ ಅಶ್ವತ್ಥಪ್ಪನವರ ಮಗಳು ತೇಜಸ್ವಿನಿಯನ್ನು ನೋಡಲು ಬಂದಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿ, ತಾರಸಿಯ ಮೇಲೆ ನಿಂತು ಮಾತಾಡಿ, ಇಳಿದು ಬರುವಾಗ ಇಬ್ಬರ ಮುಖವೂ ಅರಳಿತ್ತು. ಕೇಸರಿಬಾತು ಆದ ಮೇಲೆ ತಟ್ಟೆಯಲ್ಲಿ ಸೀಬೆಹಣ್ಣು ಬಂತು. ರಾಮಕೃಷ್ಣಪ್ಪ ಜೇಬಿಗೆ ಕೈಹಾಕಿ ಕೆಂಪು ಬಣ್ಣದ ಫಾರಿನ್ ಚಾಕು ತೆಗೆದರು. ಅದರೊಳಗಿಂದ ಅಲಗು ಬಂತು, ಕತ್ತರಿ ಬಂತು, ಸ್ಕ್ರೂಡ್ರೈವರ್ ಬಂತು, ಕೊನೆಗೆ ಒಂದು ಹಲ್ಲುಕಡ್ಡಿಯೂ ಬಂತು.

"ಗಂಡಸಾದವನ ಜೇಬಲ್ಲಿ ಒಂದು ಚಾಕು ಇರ್ಬೇಕು ಕಣ್ರೀ," ಎಂದರು ಅವರು, ಹಣ್ಣನ್ನು ಹೂವಿನ ಹಾಗೆ ಬಿಡಿಸುತ್ತಾ.

ಅಶ್ವತ್ಥಪ್ಪ ಮೆಲ್ಲಗೆ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಒಂದು ಬಾಚಣಿಗೆ, ಒಂದು ಬೀಗದ ಕೈ ಗೊಂಚಲು.

ಮುಂದಿನ ಭಾನುವಾರ ತಾಂಬೂಲ ಬದಲಾಯಿಸುವುದೆಂದು ಮಾತಾಯಿತು. ಬೀಗರ ಕಾರು ತಿರುವು ದಾಟುತ್ತಲೇ ದ್ರೌಪದಮ್ಮ ಗಂಡನ ಮುಂದೆ ಬಂದು ನಿಂತರು.

"ನೋಡಿ, ಭಾನುವಾರದವರೆಗೂ ನೀವು ಏನೂ ಮಾಡ್ಬೇಡಿ. ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ. ಸುಮ್ನೆ ಇರಿ. ಈ ಸಂಬಂಧಾನೂ ತಪ್ಪಿದ್ರೆ ನಾನಂತೂ ಕ್ಷಮಿಸಲ್ಲ."

ಅವರು ಹಾಗೆನ್ನಲು ಕಾರಣವಿತ್ತು. ಹಿಂದೊಂದು ಸಂಬಂಧ ಬಂದಿದ್ದಾಗ ಅಶ್ವತ್ಥಪ್ಪ, ಬೀಗರ ಕಾರ್ ಡ್ರೈವರನ್ನು ವರನೆಂದು ತಿಳಿದು ಸೋಫಾದ ನಡುವೆ ಕೂರಿಸಿ, ನಿಜವಾದ ವರನಿಗೆ "ಗಾಡಿ ಸ್ವಲ್ಪ ಹಿಂದಕ್ಕೆ ತಗೊಳಪ್ಪ, ಹಾಲಿನವನು ಬರ್ತಾನೆ" ಎಂದಿದ್ದರು. ಗಾಡಿ ಹಿಂದಕ್ಕೆ ಹೋದದ್ದು ಹೋಗಿಯೇಬಿಟ್ಟಿತು. ತೇಜಸ್ವಿನಿ ಆಗ ನಕ್ಕಿದ್ದಳು. ಈ ಸಲ ಹುಡುಗ ಅವಳಿಗೆ ನಿಜವಾಗಿಯೂ ಹಿಡಿಸಿದ್ದ. "ಅಪ್ಪಾ, ಪ್ಲೀಸ್" ಎಂದಷ್ಟೇ ಅಂದಳು. ಅಶ್ವತ್ಥಪ್ಪ ಆಣೆ ಇಟ್ಟು ಹೇಳಿದರು, ಏನೂ ಮಾಡುವುದಿಲ್ಲವೆಂದು.

ಗುರುವಾರ ಅವರು ಯಶವಂತಪುರದಲ್ಲಿದ್ದರು.

ಅವರ ಲೆಕ್ಕಾಚಾರ ಸರಳವಾಗಿತ್ತು. ಬೀಗರದು ಫಾರಿನ್ ಆದರೆ ತಮ್ಮದು ಪರಂಪರೆ. ಮೊಬೈಲಿನಲ್ಲಿ ಹುಡುಕಿದಾಗ ಯಶವಂತಪುರದ ಮಾರುಕಟ್ಟೆಯ ಹಿಂದೆ ಯಾರೋ ವಾಜಿದ್ ಎಂಬಾತ ಹಳೆಯ ಕ್ರಮದಲ್ಲಿ ಮಡಿಸುವ ಚಾಕು ಮಾಡುತ್ತಾನೆಂದು ವಿಡಿಯೋ ಸಿಕ್ಕಿತು. ಗುರುತಿಲ್ಲ, ಪರಿಚಯವಿಲ್ಲ. ಆದರೂ ಬಿಳಿ ಪ್ಯಾಂಟು, ಬಿಳಿ ಶರ್ಟು ಹಾಕಿ, ಭಾನುವಾರಕ್ಕೆಂದು ಮೀಸೆಗೆ ಬಳಿದಿದ್ದ ಕಪ್ಪು ಬಣ್ಣವನ್ನು ಕನ್ನಡಿಯಲ್ಲಿ ನೋಡಿಕೊಂಡು, ಗಂಗಮ್ಮನ ಗುಡಿಯಲ್ಲಿ ಕುಂಕುಮ ಇಟ್ಟುಕೊಂಡು ಹೊರಟೇಬಿಟ್ಟರು.

ವಾಜಿದ್ ಅಂಗಡಿ ಎಂದರೆ ಒಂದು ಕುಲುಮೆ, ಒಂದು ಸ್ಟೂಲು, ನಿಲ್ಲದ ಮಾತು. ಮೊದಲ ಸಲ ಚಾಕು ಕೊಳ್ಳುವವನು ಅದನ್ನು ತೋರಿಸಿಕೊಳ್ಳಬಾರದೆಂದು ಅಶ್ವತ್ಥಪ್ಪ ಚಾಕುವನ್ನು ಕೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಗಂಭೀರವಾಗಿ ಕೇಳಿದರು. "ಮೈಲೇಜ್ ಹೆಂಗೆ?"

ವಾಜಿದ್ ಕಣ್ಣು ಮಿಟುಕಿಸಲಿಲ್ಲ. "ಓಡಿಸೋರ ಮೇಲೆ ಸಾರ್," ಎಂದ. "ನನ್ನ ಹತ್ರ ಎರಡೇ ಮಾಡೆಲ್. ದೊಡ್ಡದು ರಾಜ, ಚಿಕ್ಕದು ರಾಣಿ. ನಿಮ್ಮ ಜೇಬಿಗೆ ರಾಣೀನೇ ಸರಿ. ಹಲಸಿನ ಮರದ ಹಿಡಿ, ಹಿತ್ತಾಳೆ ಮೊಳೆ, ಎಲ್ಲ ನನ್ನ ಕೈಯಲ್ಲೇ ಆಗಿದ್ದು. ಒಂದೇ ಮಾತು. ಸ್ಪ್ರಿಂಗ್ ಹೊಸದು, ಬಿಗಿ ಇದೆ. ಮನೆಗೆ ಹೋಗೋವರೆಗೂ ಬಿಚ್ಬೇಡಿ. ಬಿಚ್ಚಿದ್ರೆ ಬಾಯಿ ಮುಚ್ಚಲ್ಲ. ಎಣ್ಣೆ ಹಾಕಿ ಪಳಗಿಸ್ಬೇಕು."

ಅಶ್ವತ್ಥಪ್ಪ ಆತನ ನಂಬರ್ ತೆಗೆದುಕೊಂಡು, ತಮ್ಮದನ್ನೂ ಕೊಟ್ಟರು. ಮೊಬೈಲಿನಲ್ಲಿ ಬರೆದುಕೊಳ್ಳುವಷ್ಟರಲ್ಲಿ ಹೆಸರು ಮರೆತಿತ್ತು. ಮತ್ತೆ ಕೇಳಲು ನಾಚಿಕೆಯಾಗಿ ‘ರಾಣಿ’ ಎಂದು ಸೇವ್ ಮಾಡಿದರು.

ಮನೆಗೆ ಹೋಗುವವರೆಗೂ ಬಿಚ್ಚಬಾರದೆಂಬ ಮಾತನ್ನು ಅವರು ಮೆಟ್ರೋ ನಿಲ್ದಾಣದವರೆಗೆ ಪಾಲಿಸಿದರು. ಅಲ್ಲಿ ಯಂತ್ರ ಕೂಗಿತು, ಸೆಕ್ಯುರಿಟಿಯ ಹೆಂಗಸು ಜೇಬಿನ ಕಡೆ ಬೆರಳು ಮಾಡಿ, "ಏನಿದು?" ಎಂದಳು.

"ಏನಿಲ್ಲಮ್ಮ, ಇಷ್ಟೇ ಇಷ್ಟು," ಎಂದು ತೋರಿಸಲು ಹೋಗಿ ಅಶ್ವತ್ಥಪ್ಪ ಅದನ್ನು ಬಿಚ್ಚಿದರು. ಟಣ್ ಎಂದು ಅಲಗು ಹೊರಬಂದು ದೀಪದ ಬೆಳಕಿಗೆ ಹೊಳೆಯಿತು. ಕ್ಯೂನಲ್ಲಿದ್ದವರೆಲ್ಲ ಹಿಂದಕ್ಕೆ ಸರಿದರು. ಅಶ್ವತ್ಥಪ್ಪ ಮುಚ್ಚಲು ನೋಡಿದರು, ಆಗಲಿಲ್ಲ. ಹಲ್ಲು ಕಚ್ಚಿ ಒತ್ತಿದರು, ಆಗಲಿಲ್ಲ. ಹಲ್ಲು ಕಚ್ಚಿಕೊಂಡು ಚಾಕು ಹಿಡಿದ ಮನುಷ್ಯನನ್ನು ನೋಡಿ ಸೆಕ್ಯುರಿಟಿ ಸೀಟಿ ಊದಿದಳು. ಅಶ್ವತ್ಥಪ್ಪ ಮೆಟ್ಟಿಲಿಳಿದು ಬಂದ ವೇಗ ಕೆರೆಯ ವಾಕಿಂಗಿನಲ್ಲಿ ಎಂದೂ ಕಂಡದ್ದಲ್ಲ.

ಆಟೋದವರು ಚಾಕು ನೋಡಿ ಮೀಟರ್ ಹಾಕದೆಯೇ ಓಡಿದರು. ಬಿಚ್ಚಿದ ಚಾಕುವನ್ನು ಜೇಬಿನಲ್ಲಿಟ್ಟರೆ ತೊಡೆಗೆ ಅಪಾಯ, ಕೈಯಲ್ಲಿ ಹಿಡಿದರೆ ಊರಿಗೆ ಅಪಾಯ. ಬಸ್ ಸ್ಟಾಪಿನ ಬಳಿ ನಿಂಬೆಹಣ್ಣಿನ ಗಾಡಿಯ ಹೆಂಗಸಿಗೆ ಅವರ ಅವಸ್ಥೆ ಕಂಡು ಅಯ್ಯೋ ಅನ್ನಿಸಿತು.

"ಅಣ್ಣಾ, ತುದಿಗೆ ಒಂದು ನಿಂಬೆಹಣ್ಣು ಚುಚ್ಕೊಳಿ. ಯಾರ ಕಣ್ಣಿಗಾದ್ರೂ ತಾಗೀತು," ಎಂದು ತಾನೇ ಒಂದು ದಪ್ಪ ಹಣ್ಣನ್ನು ಆರಿಸಿ ಕೊಟ್ಟಳು.

ಎಂಥ ಉಪಾಯ! ಅಶ್ವತ್ಥಪ್ಪ ನಿಂಬೆಹಣ್ಣು ಚುಚ್ಚಿದ ಚಾಕುವನ್ನು ಎದೆಯ ಹತ್ತಿರ ಹಿಡಿದು ಅಬ್ಬಿಗೆರೆಯ ಬಸ್ಸು ಹತ್ತಿದರು.

ನಮ್ಮ ಕಡೆ ಮದುವೆ ಗಂಡಿನ ಕೈಗೆ ಚಪ್ಪರದ ದಿನದಿಂದಲೇ ಒಂದು ಚೂರಿ ಕೊಟ್ಟು, ಅದರ ತುದಿಗೆ ನಿಂಬೆಹಣ್ಣು ಚುಚ್ಚುವುದು ವಾಡಿಕೆ. ದೃಷ್ಟಿ ತಾಗದಿರಲಿ, ಗಾಳಿ ಸೋಕದಿರಲಿ ಎಂದು. ತಾಳಿ ಕಟ್ಟುವವರೆಗೂ ಆತ ಅದನ್ನು ಕೈಬಿಡುವಂತಿಲ್ಲ. ಇದು ಅಬ್ಬಿಗೆರೆಯ ಕೂಸಿಗೂ ಗೊತ್ತು. ಅಶ್ವತ್ಥಪ್ಪನವರಿಗೂ ಗೊತ್ತಿತ್ತು, ಅವರೂ ಒಂದು ಕಾಲದಲ್ಲಿ ಹಿಡಿದವರೇ. ಆದರೆ ಆ ಹೊತ್ತಿನಲ್ಲಿ ಅವರಿಗೆ ತೊಡೆಯೊಂದು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಕಂಡಕ್ಟರ್ ಮೊದಲು ಚಾಕು ನೋಡಿ ಹುಬ್ಬು ಗಂಟಿಕ್ಕಿದ. ಆಮೇಲೆ ನಿಂಬೆಹಣ್ಣು ನೋಡಿದ, ಬಿಳಿ ಬಟ್ಟೆ ನೋಡಿದ, ಹಣೆಯ ಕುಂಕುಮ, ಕರೀ ಮೀಸೆ ನೋಡಿದ.

"ಚಾಕು ಇಟ್ಕೊಂಡು ಹತ್ತಂಗಿಲ್ಲ ಸಾರ್... ಓಹೋ! ಮದುವೆ ಗಂಡಾ?"

ಅಶ್ವತ್ಥಪ್ಪನವರ ಮುಂದೆ ಎರಡು ದಾರಿಗಳಿದ್ದವು. ನಿಜ ಹೇಳಿ ಅಬ್ಬಿಗೆರೆಯವರೆಗೆ ನಡೆಯುವುದು ಒಂದು. ಅವರು ಇನ್ನೊಂದನ್ನು ಆರಿಸಿಕೊಂಡರು.

"ಹೂಂ ಕಣಪ್ಪ," ಎಂದರು.

ಬಸ್ಸಿನಲ್ಲಿ ಸಂಚಲನವಾಯಿತು. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. ಇನ್ಯಾರೋ ಕಿಟಕಿ ತೆಗೆದುಕೊಟ್ಟರು. ಜನ್ಮದಲ್ಲಿ ಬಸ್ಸಿನೊಳಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಅಶ್ವತ್ಥಪ್ಪ ಹಿಗ್ಗಿ, ಕೈಯಲ್ಲಿದ್ದ ರಾಣಿಯನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರು. ಗೋಕುಲದ ಸ್ಟಾಪು ದಾಟುವಷ್ಟರಲ್ಲಿ ತಾವು ಹೇಳಿದ ಸುಳ್ಳು ಅವರಿಗೇ ಮರೆತುಹೋಗಿ, ಮನಸ್ಸಿನ ತುಂಬ ಚಾಕುವೇ ಕೂತಿತ್ತು.

ಟಿಕೆಟ್ ಹರಿಯುತ್ತಾ ಕಂಡಕ್ಟರ್ ಬಗ್ಗಿ ಮೆಲ್ಲಗೆ ಕೇಳಿದ. "ತಪ್ಪು ತಿಳ್ಕೋಬೇಡಿ ಸಾರ್. ಎಷ್ಟನೇದು?"

"ಮೊದಲ್ನೇದು ಕಣಪ್ಪ," ಎಂದರು ಅಶ್ವತ್ಥಪ್ಪ, ಹಿಡಿಯನ್ನು ಸವರುತ್ತಾ. "ಇಷ್ಟು ವಯಸ್ಸಾದ್ರೂ ಒಂದೂ ಇರ್ಲಿಲ್ಲ. ಆಸೆ ಇತ್ತು. ಈಗ ಕೂಡಿ ಬಂತು."

"ಗೊತ್ತಿರೋ ಕಡೆಯಿಂದಾನಾ?"

"ಇಲ್ಲಪ್ಪ, ಪರಿಚಯಾನೇ ಇಲ್ಲ. ಮೊಬೈಲಲ್ಲಿ ನೋಡ್ದೆ, ಮನಸ್ಸಿಗೆ ಬಂತು, ಹೋಗಿ ಕೈಹಿಡ್ಕೊಂಡ್ ಬಂದೆ."

"ಮನೇಲಿ ಗೊತ್ತಾ?"

"ಅಯ್ಯೋ, ಮನೇಲಿ ಗೊತ್ತಾದ್ರೆ ಬಿಡ್ತಾರಾ? ಭಾನುವಾರ ಬೀಗರ ಮುಂದೆ ಒಂದೇ ಸಲ ತೆಗೀತೀನಿ. ಎಲ್ರೂ ಬಾಯಿ ಬಿಟ್ಕೊಂಡು ನೋಡ್ಬೇಕು!"

ಹಿಂದಿನ ಸೀಟಿನಲ್ಲಿ ರತ್ನಕ್ಕ ಕೂತಿದ್ದಳು. ಅಶ್ವತ್ಥಪ್ಪನವರ ಮನೆಯ ಪಕ್ಕದ ಮನೆಯವಳು. ಅಬ್ಬಿಗೆರೆಗೆ ಪೇಪರು ಬೆಳಿಗ್ಗೆ ಬರುತ್ತದೆ, ರತ್ನಕ್ಕ ಹಿಂದಿನ ಸಂಜೆಯೇ ಬಂದಿರುತ್ತಾಳೆ. ಅವಳ ಮಡಿಲಲ್ಲಿದ್ದ ಹುರುಳಿಕಾಯಿ ಚೀಲ ಜಾರಿ ಬಿತ್ತು. ಅವಳು ಹೆಕ್ಕಲಿಲ್ಲ.

ಸಂಜೆ ಕಾಂಪೌಂಡಿನ ಆಚೆಯಿಂದ ರತ್ನಕ್ಕ ದ್ರೌಪದಮ್ಮನವರನ್ನು ಕರೆದಳು. ಹೇಳುವ ಮೊದಲೇ ಕಣ್ಣೊರೆಸಿಕೊಂಡಳು.

"ನಂಗ್ ಏಳೋಕೂ ಬಾಯಿ ಬರ್ತಿಲ್ಲ ಕಣಕ್ಕಾ. ನಿಮ್ಮನೆಯವ್ರು ಮದುವೆ ಗಂಡಾಗವ್ರೆ. ಕೈಯಾಗ್ ಚೂರಿ, ನಿಂಬೆಅಣ್ಣು! ಬಸ್ನಾಗೆ ತಾವೇ ಒಪ್ಕೊಂಡ್ರು."

"ಏನೋ ತಪ್ಪು ಕೇಳಿಸ್ಕೊಂಡಿದೀಯ," ಎಂದರು ದ್ರೌಪದಮ್ಮ. "ನಮ್ಮೋರು ಒಂದು ಸೊಪ್ಪಿನ ಕಟ್ಟು ಆರಿಸೋಕೆ ನನ್ನ ಕೇಳ್ತಾರೆ."

"ಕಂಡಕ್ಟ್ರು ಎಷ್ಟನೇದು ಅಂದ. ಮೊದಲ್ನೇದು ಅಂದ್ರು."

ದ್ರೌಪದಮ್ಮನವರ ಮುಖ ಆಗ ಸಣ್ಣದಾಯಿತು. ಎರಡನೆಯದು ಎಂದಿದ್ದರೆ ಅವರು ಸೌಟು ಹಿಡಿದು ಹೊರಡುತ್ತಿದ್ದರು. ಮೊದಲನೆಯದು ಎಂದರೆ ಏನರ್ಥ? ಹಾಗಾದರೆ ಇಷ್ಟು ವರ್ಷ ಈ ಮನೆಯಲ್ಲಿ ಮುದ್ದೆ ತಿರುವಿದವಳು ಯಾರು? ಒಳಗೆ ಹೋಗಿ ನೀರು ಕುಡಿದರು.

ಆದರೂ ನಂಬದೇ ಇರಬಹುದಿತ್ತು, ಮರುದಿನ ಬೆಳಿಗ್ಗೆ ಆ ಫೋನು ಬಾರದೇ ಇದ್ದಿದ್ದರೆ. ಅಶ್ವತ್ಥಪ್ಪ ಸ್ನಾನಕ್ಕೆ ಹೋಗಿದ್ದರು. ಮೊಬೈಲು ಮೇಜಿನ ಮೇಲೆ ಕುಣಿಯಿತು. ಪರದೆಯ ಮೇಲೆ ‘ರಾಣಿ’ ಎಂದು ಕಂಡಿತು. ದ್ರೌಪದಮ್ಮ ಎತ್ತಿದರೆ ಗಂಡಸಿನ ದನಿ.

"ಸಾಹೇಬ್ರು ಇಲ್ವಾ ಅಮ್ಮ? ರಾಣಿ ಹೆಂಗಿದೆ ಕೇಳೋಣ ಅಂತ ಮಾಡ್ದೆ. ಬಾಯಿ ಮುಚ್ತಾ?"

"ಯಾ... ಯಾವ ರಾಣಿ?"

"ನಿನ್ನೆ ನಮ್ಮಲ್ಲಿಂದ ಕರ್ಕೊಂ... ಅದೇ ಅಮ್ಮ, ತಗೊಂಡ್ ಹೋದ್ರಲ್ಲ, ಅದು. ಹೊಸ ಜಾಗ, ಸ್ವಲ್ಪ ಬಿಗುಮಾನ ಇರುತ್ತೆ. ದಿನಾ ಕೊಬ್ಬರಿ ಎಣ್ಣೆ ಹಚ್ತಾ ಇದ್ರೆ ತಾನಾಗೇ ಪಳಗುತ್ತೆ ಅಂತ ಹೇಳಿ. ನನ್ನ ಕೈಯಲ್ಲಿ ಬೆಳೆದಿದ್ದು, ನನಗೆ ಗೊತ್ತಿಲ್ವಾ ಅದರ ಗುಣ?"

ನಮ್ಮ ಕಡೆಯ ಮಾತಿನಲ್ಲಿ ಹೆಣ್ಣುಮಕ್ಕಳೂ ಚಾಕು, ಚೊಂಬುಗಳ ಸಾಲಿನಲ್ಲೇ ನಿಂತು ‘ಅದು ಬಂತು, ಅದು ಹೋಯ್ತು’ ಎನ್ನಿಸಿಕೊಳ್ಳುವುದುಂಟು. ಬೇರೆ ಊರಿನ ಮಾತಿನಲ್ಲಾಗಿದ್ದರೆ ಈ ಫೋನು ಅರ್ಧ ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ಅಬ್ಬಿಗೆರೆಯಲ್ಲಿ ಆಗಲಿಲ್ಲ.

"ಮನೇಲಿ ಹಳೇದೊಂದು ಇದೆಯಲ್ಲ," ಎಂದರು ದ್ರೌಪದಮ್ಮ. "ಅದನ್ನೇನು ಮಾಡ್ಬೇಕು?"

"ಹಳೇದಿದ್ರೆ ಎರಡನ್ನೂ ಒಂದೇ ಕಡೆ ಇಡ್ಬೇಡಿ ಅಮ್ಮ. ಒಂದಕ್ಕೊಂದು ತಾಗಿ ಹೊಸದರ ಮುಖ ಕೆಡುತ್ತೆ. ಹಳೇದು ಮೊಂಡಾಗಿದ್ರೆ ನನ್ನ ಹತ್ರ ಕಳ್ಸಿ, ನಾಲ್ಕು ಏಟು ಹಾಕಿ ಸರಿ ಮಾಡ್ಕೊಡ್ತೀನಿ."

ದ್ರೌಪದಮ್ಮ ಫೋನು ಇಟ್ಟು ಅಣ್ಣನಿಗೆ ಫೋನು ಮಾಡಿದರು. ಅಣ್ಣ ಚಿಕ್ಕಬೈರಪ್ಪ ಚಿಕ್ಕಬಾಣಾವರದಿಂದ ಬುಲೆಟ್ ಮೇಲೆ ಬಂದಿಳಿದ. ಕೈಲಿದ್ದ ಹೆಲ್ಮೆಟ್ಟನ್ನು ಆಯುಧದಂತೆ ಹಿಡಿದಿದ್ದ.

"ಇವತ್ತೇ ಇಚಾರಿಸ್ತೀನಿ ಆ ಬಾವನ್ನ! ಎಲ್ಲವ್ನೆ?"

"ಬೇಡ ಅಣ್ಣಾ. ಭಾನುವಾರ ತಾಂಬೂಲ ಇದೆ. ಈಗ ಬಾಯಿ ಬಿಟ್ರೆ ಮಗು ಸಂಬಂಧ ಮುರಿಯುತ್ತೆ. ಅದೊಂದು ಆಗ್ಲಿ. ಆಮೇಲೆ ನಾನು ನಿಮ್ಮನೆಗೆ ಬಂದುಬಿಡ್ತೀನಿ."

"ಇಂಗೂ ಉಂಟಾ!" ಎಂದು ಚಿಕ್ಕಬೈರಪ್ಪ ಗೋಡೆಗೆ ಗುದ್ದಿದ. ಗೋಡೆ ಗಟ್ಟಿಯಿತ್ತು. ಭಾನುವಾರದವರೆಗೂ ಅವನ ಕೈಗೆ ಬಟ್ಟೆ ಸುತ್ತಿತ್ತು.

ಇತ್ತ ಅಶ್ವತ್ಥಪ್ಪನವರ ಪಾಡು ಬೇರೆ. ಬಾಡಿಗೆಯವರು ಬಿಟ್ಟುಹೋಗಿ ಮೊದಲ ಮಹಡಿಯ ಮನೆ ಆಗ ಖಾಲಿಯಿತ್ತು. ರಾಣಿಯನ್ನು ಅಲ್ಲೇ ಬಚ್ಚಿಟ್ಟು, ಸಮಯ ಸಿಕ್ಕಾಗಲೆಲ್ಲ ಕೊಬ್ಬರಿ ಎಣ್ಣೆ ಶೀಶೆ, ಒಂದೆರಡು ಸೀಬೆಹಣ್ಣು ಪಂಚೆಯೊಳಗೆ ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ರತ್ನಕ್ಕ ಬಟ್ಟೆ ಒಣಹಾಕುವ ನೆಪದಲ್ಲಿ ಎಲ್ಲವನ್ನೂ ನೋಡುತ್ತಿದ್ದಳು. ಆ ಎರಡು ದಿನ ಅವಳು ಒಣಗಿದ ಬಟ್ಟೆಯನ್ನೇ ಮತ್ತೆ ನೆನೆಸಿ ಹಾಕಿದಳೆಂದು ಹೇಳುತ್ತಾರೆ.

ಮನೆಯಲ್ಲಿ ಹೆಂಡತಿ ಬೈಯುತ್ತಿಲ್ಲವೆಂಬುದು ಅವರಿಗೆ ಅರಿವಾಯಿತು, ಆದರೆ ಕಾರಣ ತಿಳಿಯಲಿಲ್ಲ. ದ್ರೌಪದಮ್ಮ ನೆಂಟರಿಗೆ ಇಡುವ ತಟ್ಟೆಯಲ್ಲಿ ಊಟ ಬಡಿಸಿ, "ತಮಗೆ ಇನ್ನೇನು ಬೇಕು?" ಎಂದು ಕೇಳಿದರು. ಬೀಗರು ಬರುವ ಮುಂಚೆ ಮರ್ಯಾದೆಯ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆಂದು ಅಶ್ವತ್ಥಪ್ಪ ಸಂತೋಷಪಟ್ಟರು.

ಕೆರೆಯ ಬಳಿ ವಾಕಿಂಗ್ ಗೆಳೆಯರು ಸುತ್ತುವರಿದರು. ಅವರಲ್ಲಿ ಹಿರಿಯನಾದ ಉಮೇಶ್ ಹೆಗಲ ಮೇಲೆ ಕೈಹಾಕಿದ.

"ಏನ್ ಗುರು, ಈ ವಯಸ್ಸಲ್ಲಿ! ಕೇಳಿದ್ವಿ, ಕೇಳಿದ್ವಿ."

ಚಾಕುವಿನ ಸುದ್ದಿ ಹೇಗೋ ಹಬ್ಬಿದೆ ಎಂದುಕೊಂಡರು ಅಶ್ವತ್ಥಪ್ಪ. "ವಯಸ್ಸೇನು ಬಂತು? ಕೈ ಗಟ್ಟಿ ಇದ್ರೆ ಸಾಕು. ಮನೇಲಿ ಮಾತ್ರ ಹೇಳ್ಬೇಡಿ."

"ನಿಭಾಯಿಸ್ತಿದೀರಾ?"

"ನೋಡೋಕೆ ಚೆನ್ನಾಗಿದೆ. ಬಾಯಿ ಮುಚ್ಚಲ್ಲ, ಅದೊಂದೇ ತೊಂದರೆ. ಎಣ್ಣೆ ಹಾಕ್ತಿದೀನಿ."

ಹೊರಡುವಾಗ ಉಮೇಶ್ ಮಾತ್ರ ಹಿಂದುಳಿದು, ಅತ್ತಿತ್ತ ನೋಡಿ, "ಆ ಕಡೆಯೋರ ಹತ್ರ ಇನ್ನೊಂದು ಇದ್ಯಾ?" ಎಂದ.

"ಇದೆ. ಆದ್ರೆ ಅದು ರಾಜ," ಎಂದರು ಅಶ್ವತ್ಥಪ್ಪ. ಉಮೇಶ್ ಅವಸರವಾಗಿ ಮನೆಗೆ ಹೋದ.

ಭಾನುವಾರ ಬಂತು. ಹಾಲಿನಲ್ಲಿ ಜಮಖಾನ ಹಾಸಿ, ತಟ್ಟೆಗಳಲ್ಲಿ ವೀಳ್ಯದೆಲೆ, ತೆಂಗಿನಕಾಯಿ ಜೋಡಿಸಿಟ್ಟಿದ್ದರು. ತೇಜಸ್ವಿನಿ ರೇಷ್ಮೆ ಸೀರೆ ಉಟ್ಟು, ಅಮ್ಮನ ಕೆಂಪು ಕಣ್ಣು ನೋಡಿ, "ಏನಮ್ಮಾ?" ಎಂದರೆ, "ಈರುಳ್ಳಿ ಹೆಚ್ಚಿದೆ," ಎಂದರು ದ್ರೌಪದಮ್ಮ. ಆ ದಿನದ ಅಡಿಗೆಗೆ ಈರುಳ್ಳಿ ಹಾಕಿರಲಿಲ್ಲ.

ರಾಣಿಯ ಬಾಯಿ ಇನ್ನೂ ಮುಚ್ಚಿರಲಿಲ್ಲ. ಬೀಗರು ಬರಲು ಹೊತ್ತಿದೆ, ಕೊನೆಯ ಸಲ ನೋಡೋಣವೆಂದು ಅಶ್ವತ್ಥಪ್ಪ ಮಹಡಿ ಹತ್ತಿದರು. ಅವರು ಬಾಗಿಲು ಹಾಕಿಕೊಂಡದ್ದೂ, ರಾಮಕೃಷ್ಣಪ್ಪನವರ ಕಾರು ಹೇಳಿದ್ದಕ್ಕಿಂತ ಮೊದಲೇ ಬಂದು ನಿಂತದ್ದೂ ಒಂದೇ ಆಯಿತು. ರತ್ನಕ್ಕನ ನಾದಿನಿ ಇರುವುದು ತಣಿಸಂದ್ರದಲ್ಲಿ. ಇಷ್ಟು ಹೇಳಿದರೆ ಸಾಕು.

ರಾಮಕೃಷ್ಣಪ್ಪ ಕೂರಲಿಲ್ಲ. ಶಿವರಾಮ್ ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

"ನಾವು ತಾಂಬೂಲಕ್ಕೆ ಬಂದಿಲ್ಲಮ್ಮ. ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದ್ವಿ. ಮಗಳ ಚಪ್ಪರಕ್ಕೆ ಮುಂಚೆ ಅಪ್ಪಂದೇ ಚಪ್ಪರ ಅಂತೆ. ನಿಜವಾ? ಎಲ್ಲಿ ಅವರು?"

ತೇಜಸ್ವಿನಿ ಅಮ್ಮನ ಮುಖ ನೋಡಿದಳು. ದ್ರೌಪದಮ್ಮ ಜೋಡಿಸಿಟ್ಟಿದ್ದ ವೀಳ್ಯದೆಲೆಯನ್ನೇ ಮತ್ತೆ ಜೋಡಿಸತೊಡಗಿದರು. ಉತ್ತರ ಬಂದದ್ದು ಬಾಗಿಲಿನಿಂದ, ಕರೆಯದೆ ಬಂದಿದ್ದ ರತ್ನಕ್ಕನಿಂದ.

"ಮ್ಯಾಲವ್ರೆ. ಎಣ್ಣೆ ಶೀಶೆ ತಗೊಂಡು ಓದ್ರು."

ಚಿಕ್ಕಬೈರಪ್ಪ ಹೆಲ್ಮೆಟ್ ಎತ್ತಿಕೊಂಡ. ಅವನ ಹಿಂದೆ ರಾಮಕೃಷ್ಣಪ್ಪ, ಅವರ ಹಿಂದೆ ಶಿವರಾಮ್, ತೇಜಸ್ವಿನಿ, ದ್ರೌಪದಮ್ಮ, ಎಲ್ಲರಿಗಿಂತ ಹಿಂದೆ ಹೊರಟು ಎಲ್ಲರಿಗಿಂತ ಮುಂದೆ ಮುಟ್ಟಿದವಳು ರತ್ನಕ್ಕ. ಮೆರವಣಿಗೆ ಮುಚ್ಚಿದ ಬಾಗಿಲ ಮುಂದೆ ನಿಂತಿತು. ಒಳಗಿನಿಂದ ಅಶ್ವತ್ಥಪ್ಪನವರ ದನಿ, ಹಿಂದೆಂದೂ ಯಾರೂ ಕೇಳಿರದಷ್ಟು ಮೃದುವಾಗಿ ಕೇಳಿಸುತ್ತಿತ್ತು.

"ಬಾರೇ ರಾಣಿ... ಇಷ್ಟು ಎಣ್ಣೆ ಹಚ್ಚಿದೀನಿ, ಇನ್ನೂ ಏನು ಕೋಪ? ಕೆಳಗೆ ಬೀಗರು ಬರೋ ಹೊತ್ತು. ಬಾಯಿ ಮುಚ್ಕೊಂಡು ನನ್ನ ಜೇಬಲ್ಲಿ ಕೂತ್ಬಿಡು. ದ್ರೌಪದಿ ಕಣ್ಣಿಗೆ ಬಿದ್ರೆ ನಿನ್ನೂ ಬಿಡಲ್ಲ, ನನ್ನೂ ಬಿಡಲ್ಲ."

"ಜೇಬಲ್ಲಾ?" ಎಂದ ಶಿವರಾಮ್. ಎಲ್ಲರಲ್ಲಿ ಸ್ವಲ್ಪ ಬುದ್ಧಿ ಓಡಿದ್ದು ಅವನದೊಂದೇ. ಯಾರೂ ಕಿವಿಗೊಡಲಿಲ್ಲ. ಚಿಕ್ಕಬೈರಪ್ಪ ಭುಜ ಕೊಟ್ಟ. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ, ಹಾಗಾಗಿ ಅವನು ಬಾಗಿಲ ಜೊತೆ ಒಳಗೆ ಹೋಗಿ, ಕೋಣೆ ದಾಟಿ, ಆಚೆ ಗೋಡೆಗೆ ತಾಗಿ ನಿಂತ.

ನಡುಮನೆಯಲ್ಲಿ ಅಶ್ವತ್ಥಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಸುತ್ತ ಸೀಬೆಹಣ್ಣಿನ ಸಿಪ್ಪೆ. ಮೊಣಕೈವರೆಗೆ ಎಣ್ಣೆ. ಕೈಯಲ್ಲಿ ಚಾಕು, ತುದಿಯಲ್ಲಿ ಬಾಡಿದ ನಿಂಬೆಹಣ್ಣು.

"ರಾಣಿ ಎಲ್ಲಿ ಬಾವಾ?" ಎಂದು ಗರ್ಜಿಸಿದ ಚಿಕ್ಕಬೈರಪ್ಪ. ರತ್ನಕ್ಕ ಆಗಲೇ ಬಚ್ಚಲುಮನೆ ನೋಡಿ ಬಂದು ತಲೆಯಾಡಿಸಿದಳು.

ಅಶ್ವತ್ಥಪ್ಪ ಎಲ್ಲರ ಮುಖ ನೋಡಿದರು. ಆಮೇಲೆ ಮೆಲ್ಲಗೆ ಚಾಕು ಎತ್ತಿ ತೋರಿಸಿದರು.

"ಇದೇ... ರಾಣಿ."

ಅಶ್ವತ್ಥಪ್ಪ ಒಂದೊಂದಾಗಿ ಒಪ್ಪಿಸಿದರು. ಬೀಗರ ಫಾರಿನ್ ಚಾಕು, ಯಶವಂತಪುರದ ಕುಲುಮೆ, ಮೆಟ್ರೋ, ನಿಂಬೆಹಣ್ಣಿನ ಗಾಡಿ, ಕಂಡಕ್ಟರು. ಹೇಳುತ್ತಾ ಹೋದಂತೆ ರಾಮಕೃಷ್ಣಪ್ಪನವರ ಹೊಟ್ಟೆ ಕುಲುಕತೊಡಗಿತು. ತೇಜಸ್ವಿನಿ ಗೋಡೆಗೊರಗಿ ಉಸಿರು ಬಿಟ್ಟಳು. ರತ್ನಕ್ಕ ಮಾತ್ರ ಮೋಸ ಹೋದವಳಂತೆ ನಿಂತಿದ್ದಳು.

ದ್ರೌಪದಮ್ಮ ನಗಲಿಲ್ಲ.

"ಕಂಡಕ್ಟರ್ ಎಷ್ಟನೇದು ಅಂದಾಗ ಮೊದಲ್ನೇದು ಅಂದ್ರಂತೆ."

"ಚಾಕು ಕಣೇ! ಚಾಕು ಮೊದಲ್ನೇದು!"

"ಎರಡನೇದು ಅಂದಿದ್ರೂ ತಡ್ಕೊಳ್ತಿದ್ದೆ. ಮೊದಲ್ನೇದು ಅಂದ್ರಲ್ಲ, ಮೂರು ದಿನದಿಂದ ಅನ್ನ ಇಳಿದಿಲ್ಲ ನನಗೆ. ನಾನು ಲೆಕ್ಕಕ್ಕೇ ಇಲ್ವಾ ಅನ್ನಿಸ್ತು," ಎಂದವರೇ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು.

ಅಶ್ವತ್ಥಪ್ಪನವರಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಅವರು ಎದ್ದು ಬಂದು ಎಣ್ಣೆ ಕೈಯಲ್ಲೇ ಹೆಂಡತಿಯ ಭುಜ ಹಿಡಿದರು. "ನಿನ್ನ ಲೆಕ್ಕ ಹಾಕೋಕೆ ನನಗೆಲ್ಲಿ ಬರುತ್ತೆ ದ್ರೌಪದಿ? ಈ ಮನೆ ಲೆಕ್ಕ ಎಲ್ಲ ನಿಂದೇ ಅಲ್ವಾ," ಎಂದರು. ಹೊಸ ರೇಷ್ಮೆ ಸೀರೆಯ ಮೇಲೆ ಐದು ಬೆರಳೂ ಮೂಡಿದವು. ಆ ಕಲೆ ಇವತ್ತಿಗೂ ಹೋಗಿಲ್ಲ, ದ್ರೌಪದಮ್ಮ ಡ್ರೈಕ್ಲೀನಿಗೆ ಕೊಟ್ಟೂ ಇಲ್ಲ.

"ಅದೇನು ಮುಚ್ಚಲ್ಲ ಅಂತೀರಿ, ತನ್ನಿ ಇಲ್ಲಿ," ಎಂದು ರಾಮಕೃಷ್ಣಪ್ಪ ಕೈಚಾಚಿದರು. ತಮ್ಮ ಫಾರಿನ್ ಚಾಕುವಿನ ಸ್ಕ್ರೂಡ್ರೈವರ್ ಬಿಚ್ಚಿ ರಾಣಿಯ ಮೊಳೆಯ ಸಂದಿಗೆ ಹಾಕಿ ಮೀಟಿದರು. ಟಕ್ ಎಂದು ಸದ್ದಾಯಿತು. ಮುರಿದದ್ದು ಸ್ಕ್ರೂಡ್ರೈವರು. ಚಿಕ್ಕಬೈರಪ್ಪ ತಾನೂ ಒತ್ತಿ ನೋಡಿದ, ಇನ್ನೊಂದು ಕೈಗೂ ಬಟ್ಟೆ ಸುತ್ತಬೇಕಾಯಿತು.

ದ್ರೌಪದಮ್ಮ ಮೂಗೊರೆಸಿಕೊಂಡು, "ಕೊಡಿ ಇಲ್ಲಿ," ಎಂದರು. ನಿಂಬೆಹಣ್ಣು ಕಿತ್ತೆಸೆದರು. ಚಾಕುವನ್ನು ಒಂದು ಸಲ ದಿಟ್ಟಿಸಿ ನೋಡಿದರು, ಹೊಸಲಿಗೆ ಹಿಡಿಯ ಬೆನ್ನನ್ನು ಒಮ್ಮೆ ಕುಟ್ಟಿ, ಅಂಗೈಯಲ್ಲಿ ಒತ್ತಿದರು. ರಾಣಿ ಬಾಯಿ ಮುಚ್ಚಿತು.

"ಇಷ್ಟು ವರ್ಷ ಈ ಮನೇಲಿ ಬಾಯಿ ಮುಚ್ಚಿಸೋ ಕೆಲಸ ಮಾಡಿದೋಳು ನಾನು," ಎಂದರು.

ರಾಮಕೃಷ್ಣಪ್ಪ ಆ ಚಾಕುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಮುರಿದ ಫಾರಿನ್ನನ್ನೂ ನೋಡಿದರು. "ಅಶ್ವತ್ಥಪ್ಪ, ಮದುವೆಗೆ ನೀವು ಬೇರೇನೂ ಕೊಡ್ಬೇಡಿ. ಚಪ್ಪರದ ದಿನ ನನ್ನ ಮಗ ಕೈಲಿ ಹಿಡಿಯೋಕೆ ಈ ರಾಣೀನೇ ಕೊಡಿ. ಇದಕ್ಕೆ ತಾಗದ ದೃಷ್ಟಿ ಯಾವುದೂ ಉಳಿದಿಲ್ಲ."

ಕೆಳಗೆ ತಾಂಬೂಲ ಬದಲಾಯಿತು. ಅಶ್ವತ್ಥಪ್ಪ ಸೀಬೆಹಣ್ಣನ್ನು ಅಡಿಗೆಮನೆಯ ಚಾಕುವಿನಿಂದಲೇ ಹೆಚ್ಚಿ ಬೀಗರಿಗೆ ಕೊಟ್ಟರು. ರಾಣಿ ಬೀಗರ ಕಾರಿನಲ್ಲಿ ತಣಿಸಂದ್ರಕ್ಕೆ ಹೋಯಿತು. ಅದಾದ ಮೇಲೆ ಅಶ್ವತ್ಥಪ್ಪ ಸುಮ್ಮಸುಮ್ಮನೆ ಜೇಬು ಮುಟ್ಟಿಕೊಳ್ಳುವುದನ್ನು ದ್ರೌಪದಮ್ಮ ನೋಡುತ್ತಿದ್ದರು. ಬಾಚಣಿಗೆ, ಬೀಗದ ಕೈ. ನಾಲ್ಕು ದಿನ ನೋಡಿದರು. ಐದನೆಯ ದಿನ ಚಪ್ಪಲಿ ಮೆಟ್ಟಿಕೊಂಡರು.

"ಏಳಿ, ಯಶವಂತಪುರಕ್ಕೆ ಹೋಗೋಣ. ಈ ಸಲ ನಾನೇ ನೋಡಿ ಆರಿಸ್ತೀನಿ."

ಬಸ್ಸಿನಲ್ಲಿ ಅದೇ ಕಂಡಕ್ಟರ್. ಅಶ್ವತ್ಥಪ್ಪನವರನ್ನು ಕಂಡವನೇ ಮುಖ ಅರಳಿಸಿದ.

"ಓಹೋ, ಮದುವೆ ಗಂಡು! ಎಲ್ಲ ಚೆನ್ನಾಗಾಯ್ತಾ ಸಾರ್? ಎಲ್ಲಿ, ಮೊದಲ್ನೇದು?"

ಅಶ್ವತ್ಥಪ್ಪ ಬಾಯಿ ತೆಗೆಯುವಷ್ಟರಲ್ಲಿ ದ್ರೌಪದಮ್ಮ ಅವರ ಕೈ ಅದುಮಿದರು. ಎರಡು ಸೀಟು ಹಿಂದೆ ರತ್ನಕ್ಕ ಕತ್ತು ಚಾಚಿದ್ದು ಅವರ ಕಣ್ಣಿಗೆ ಬಿದ್ದಿತ್ತು. ಇಡೀ ಬಸ್ಸಿಗೆ ಕೇಳುವಂತೆ, ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು.

"ಮೊದಲ್ನೇದನ್ನ ಅಳಿಯನ ಕೈಗೆ ಒಪ್ಪಿಸಿಬಿಟ್ವಿ ಕಣಪ್ಪ. ಇವರಿಗೆ ಎರಡನೇದು ನೋಡೋಕೆ ಹೊರಟಿದೀವಿ. ಹೆಂಡತಿ ನಾನೇ ಮುಂದೆ ನಿಂತು ಕೊಡಿಸ್ತಿದೀನಿ."

ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟುಕೊಂಡವನು ಊದುವುದನ್ನು ಮರೆತ. ಬಸ್ಸು ಗಂಗಮ್ಮನ ಗುಡಿಯ ಸ್ಟಾಪಿನಲ್ಲಿ ನಿಲ್ಲದೆ ಹೋಯಿತು, ಇಳಿಯಬೇಕಾಗಿದ್ದವರೂ ಕೇಳಲಿಲ್ಲ. ಹಿಂದೆ ಹುರುಳಿಕಾಯಿ ಚೀಲ ಮತ್ತೆ ಜಾರಿ ಬಿದ್ದ ಸದ್ದಾಯಿತು.